ಮೊದಲು ಹಾಲು, ಆಮೇಲೆ ನಿಪ್ಲು

ನಾಮಕರಣದ ದಿನ ನನ್ನ ಮಗಳು ಐದು ಗಂಟೆ ಹೊತ್ತು ಅಳಲೇ ಇಲ್ಲ.

ತಿಪಟೂರಿನ ನಮ್ಮ ಅಮ್ಮನ ಮನೆ. ಹುಟ್ಟಿ ಹನ್ನೆರಡನೇ ದಿನ. ಬೆಳಿಗ್ಗೆ ಹತ್ತು ಗಂಟೆಗೆ ತೊಟ್ಟಿಲಿಗೆ ಹಾಕಿ ಹೆಸರು ಕರೆದರು. ಆಮೇಲೆ ಅವಳು ಮಡಿಲಿಂದ ಮಡಿಲಿಗೆ ಹೋಗುತ್ತಲೇ ಇದ್ದಳು. ಬಾಯಲ್ಲಿ ಗುಲಾಬಿ ಬಣ್ಣದ ರಬ್ಬರ್ ನಿಪ್ಲು, ಹಾಲಿಲ್ಲದೆ ಬರೀ ಚೀಪಲು ಕೊಡುವಂಥದ್ದು. ಅದು ಬಿದ್ದರೆ ಯಾರೋ ಒಬ್ಬರು ಸೆರಗಿನಲ್ಲಿ ಒರೆಸಿ ಮತ್ತೆ ಬಾಯಿಗೆ ಇಡುತ್ತಿದ್ದರು. 'ಎಂಥಾ ಒಳ್ಳೆ ಮಗು ಕಣೇ, ಉಸಿರೇ ಎತ್ತಲ್ಲ' ಅಂತ ಬಂದವರೆಲ್ಲ ಹೇಳಿದರು. ನನಗೂ ಹೆಮ್ಮೆ ಆಯಿತು.

ಮಧ್ಯಾಹ್ನದ ಹೊತ್ತಿಗೆ ನನ್ನ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ರವಿಕೆ ಒದ್ದೆಯಾಗಿ ಎರಡು ಸಲ ಬದಲಾಯಿಸಿದೆ. ಮಲಗಿರೋ ಮಗುವನ್ನು ಯಾಕೆ ಎಬ್ಬಿಸಬೇಕು, ಊಟ ಮುಗಿಸಿ ಎಲ್ಲರೂ ಹೊರಡಲಿ ಅಂದುಕೊಂಡೆ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಗುವಿಗೆ ಹಾಲು ಬೇಕು ಅಂತ ನನ್ನ ಮೈ ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ಮಕ್ಕಳ ಡಾಕ್ಟರ ಹತ್ತಿರ ತೂಕ ನೋಡಿಸಿದೆವು. ಹುಟ್ಟಿದಾಗ 2.9 ಕೆಜಿ ಇದ್ದಳು. ಮೂರನೇ ದಿನ ಆಸ್ಪತ್ರೆಯಿಂದ ಬರುವಾಗ 2.68. ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತಾರೆ, ಅದೇನೂ ಭಯವಿಲ್ಲ ಅಂದಿದ್ದರು. ಆದರೆ ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕಂತೆ. ಹದಿನಾಲ್ಕನೇ ದಿನ ನನ್ನ ಮಗಳು 2.70 ಇದ್ದಳು. ಹನ್ನೊಂದು ದಿನದಲ್ಲಿ ಇಪ್ಪತ್ತೇ ಗ್ರಾಂ.

ಡಾಕ್ಟರಮ್ಮ ಬೈಯಲಿಲ್ಲ. 'ದಿನಕ್ಕೆ ಎಷ್ಟು ಸಲ ಹಾಲು ಕೊಡ್ತೀರಮ್ಮ?' ಅಂತ ಕೇಳಿದರು. ನಾನು ಬೆರಳು ಮಡಚಿ ಎಣಿಸಿದೆ. ಆರು. ಒಳ್ಳೆಯ ದಿನ ಏಳು. 'ಈ ವಯಸ್ಸಿಗೆ ಎಂಟರಿಂದ ಹನ್ನೆರಡು ಸಲ ಬೇಕು. ಅವಳು ಕೇಳ್ತಾ ಇಲ್ವಾ?' ಅಂದರು. ಆಗ ನಮ್ಮಮ್ಮನ ಕೈಯಲ್ಲಿದ್ದ ನಿಪ್ಲು ಅವರ ಕಣ್ಣಿಗೆ ಬಿತ್ತು.

ಆ ನಿಪ್ಲು ಮನೆಗೆ ಹೇಗೆ ಬಂತು ಅಂತ ಹೇಳಬೇಕು. ಇಲ್ಲದಿದ್ದರೆ ಚಿಕ್ಕಮ್ಮನಿಗೆ ಅನ್ಯಾಯ ಆಗುತ್ತದೆ.

ಹುಟ್ಟಿ ಐದನೇ ದಿನ. ನನಗೆ ಹೊಲಿಗೆ ನೋವು, ಕೂರಲು ಆಗುತ್ತಿರಲಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿತ್ತು. ಮಗು ಮೂರು ರಾತ್ರಿಯಿಂದ ಗಂಟೆಗೊಮ್ಮೆ ಎದ್ದು ಅಳುತ್ತಿತ್ತು. ಅಮ್ಮ ನನಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಅಂತ ಅಡುಗೆಮನೆಯಲ್ಲೇ ಇರುತ್ತಿದ್ದರು. ಚಿಕ್ಕಮ್ಮ ನೋಡಲು ಬಂದವರು ನನ್ನ ಮುಖ ನೋಡಿ ಕಣ್ಣೀರು ಹಾಕಿದರು. ಹಾಗೇ ಎದ್ದು ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ ನಿಪ್ಲು ತಂದರು. ತಮ್ಮ ಇಬ್ಬರು ಮಕ್ಕಳಿಗೂ ಕೊಟ್ಟವರು ಅವರು. ಮಗುವಿನ ಬಾಯಿಗೆ ಇಟ್ಟರು. ಮಗು ಸುಮ್ಮನಾಯಿತು. ಅವತ್ತು ರಾತ್ರಿ ನಾನು ಒಂದೇ ಪಟ್ಟಿಗೆ ಮೂರೂವರೆ ಗಂಟೆ ಮಲಗಿದೆ. ಎದ್ದಾಗ ಆದ ಸಮಾಧಾನ ಇನ್ನೂ ನೆನಪಿದೆ. ಯಾರಾದರೂ ಬಾಣಂತಿ 'ನಿಪ್ಪಲ್ ಕೊಟ್ಟುಬಿಟ್ಟೆ' ಅಂತ ಅಪರಾಧ ಮಾಡಿದವಳ ಹಾಗೆ ಹೇಳಿದರೆ ನನಗೆ ಬೇಜಾರಾಗುತ್ತದೆ. ನಿದ್ದೆ ಇಲ್ಲದ ಮೂರು ರಾತ್ರಿ ಹೇಗಿರುತ್ತದೆ ಅಂತ ನನಗೆ ಗೊತ್ತು.

ಒಂದು ವಿಷಯಕ್ಕೆ ಮಾತ್ರ ಅವತ್ತೇ ತಡೆದೆ. ಚಿಕ್ಕಮ್ಮ ನಿಪ್ಲಿನ ತುದಿಯನ್ನು ಜೇನಿನಲ್ಲಿ ಅದ್ದಲು ಹೋದರು. ಜೇನು ಬೇಡ ಅಂತ ಆಸ್ಪತ್ರೆಯಲ್ಲಿ ನರ್ಸ್ ಖಡಾಖಂಡಿತವಾಗಿ ಹೇಳಿದ್ದರು. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಕೆಲವು ಸಲ ಇರುವ ಒಂದು ಬ್ಯಾಕ್ಟೀರಿಯಾ ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ. ಅದಕ್ಕೆ ಬಾಟ್ಯುಲಿಸಂ ಅಂತ ಹೆಸರು. ಹಾಲು ಚೀಪಲೂ ಶಕ್ತಿ ಇಲ್ಲದ ಹಾಗೆ ಮಗು ಸೋತುಹೋಗುತ್ತದೆ. ನಮ್ಮ ಕಡೆ ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವುದು ಹಳೇ ಪದ್ಧತಿ. ಆದ್ದರಿಂದ ಇದನ್ನು ಜೋರಾಗಿಯೇ ಹೇಳುತ್ತಿದ್ದೇನೆ. ಸಕ್ಕರೆ ನೀರೂ ಬೇಡ, ಬೆಲ್ಲವೂ ಬೇಡ.

ಸಮಸ್ಯೆ ಶುರುವಾದದ್ದು ಆಮೇಲೆ. ದಿನಾ ಬೆಳಿಗ್ಗೆ ಮಗುವಿಗೆ ನೀರು ಹಾಕಲು ಒಬ್ಬ ಅಜ್ಜಿ ಬರುತ್ತಿದ್ದರು. ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಸುತ್ತಿ ಮಲಗಿಸಿದರೆ ಮಗು ಮೂರು ಗಂಟೆ ಏಳುತ್ತಿರಲಿಲ್ಲ. ನಡುವೆ ಬಾಯಿ ಅಲ್ಲಾಡಿಸಿದರೆ ನಿಪ್ಲು. ಸಂಜೆ ಯಾರಾದರೂ ನೋಡಲು ಬಂದರೆ ನಿಪ್ಲು. ನಾನು ಊಟಕ್ಕೆ ಕೂತರೆ ನಿಪ್ಲು. ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟರು. ಆದರೆ ಒಂದೊಂದು ಸಲ ಕೊಟ್ಟಾಗಲೂ ಒಂದೊಂದು ಹಾಲು ಮುಂದಕ್ಕೆ ಹೋಗುತ್ತಿತ್ತು. ಕಾಲು ಗಂಟೆ, ಅರ್ಧ ಗಂಟೆ. ದಿನದ ಕೊನೆಗೆ ಲೆಕ್ಕ ಹಾಕಿದರೆ ಮೂರೋ ನಾಲ್ಕೋ ಸಲದ ಹಾಲು ತಪ್ಪಿಹೋಗಿರುತ್ತಿತ್ತು. ಲೆಕ್ಕ ಹಾಕುವವರು ಯಾರೂ ಇರಲಿಲ್ಲ.

ಅಳುವ ಮಗುವಿಗೆ ಹಾಲು ಅಂತಾರಲ್ಲ. ನಾವು ಆ ಅಳುವನ್ನೇ ತೆಗೆದುಬಿಟ್ಟಿದ್ದೆವು.

ಅಳು ಅನ್ನೋದು ಹಸಿವಿನ ಕೊನೆಯ ಸೂಚನೆ ಅಂತ ಡಾಕ್ಟರಮ್ಮ ಹೇಳಿದರು. ಅದಕ್ಕೆ ಮುಂಚೆ ಮಗು ತುಟಿ ಚಪ್ಪರಿಸುತ್ತದೆ. ನಾಲಿಗೆ ಹೊರಗೆ ಹಾಕುತ್ತದೆ. ಮುಷ್ಟಿಯನ್ನು ಬಾಯಿಗೆ ತರುತ್ತದೆ. ಕೆನ್ನೆಗೆ ಏನು ತಾಗಿದರೂ ಆ ಕಡೆ ತಿರುಗಿ ಬಾಯಿ ತೆರೆಯುತ್ತದೆ. ಬಾಯಿಗೆ ನಿಪ್ಲು ಇಟ್ಟರೆ ಇವು ಯಾವುವೂ ಕಾಣುವುದಿಲ್ಲ. ಇನ್ನೊಂದು ವಿಷಯ ನನಗೆ ಗೊತ್ತಿರಲಿಲ್ಲ. ಎದೆಹಾಲು ಮಗು ಕುಡಿದಷ್ಟೂ ಆಗುತ್ತದೆ. ಮೊದಲ ಕೆಲವು ವಾರ ಮಗು ಎಷ್ಟು ಸಲ ಚೀಪುತ್ತದೆ, ಎದೆ ಎಷ್ಟು ಖಾಲಿಯಾಗುತ್ತದೆ ಅನ್ನೋದರ ಮೇಲೆ ಮುಂದೆ ಎಷ್ಟು ಹಾಲು ಆಗುತ್ತದೆ ಅನ್ನೋದು ಅವಲಂಬಿಸಿದೆ. ರಬ್ಬರ್ ಚೀಪಿದರೆ ನನ್ನ ಮೈಗೆ ಸುದ್ದಿ ಹೇಗೆ ಮುಟ್ಟಬೇಕು?

ಅವರು ತಮ್ಮ ಮುಂದೆಯೇ ಹಾಲು ಕುಡಿಸಲು ಹೇಳಿದರು. ಮಗಳು ಬಾಯಿ ಸಣ್ಣಗೆ ಮಾಡಿಕೊಂಡು ತೊಟ್ಟಿನ ತುದಿ ಮಾತ್ರ ಹಿಡಿಯುತ್ತಿದ್ದಳು, ನಿಪ್ಲನ್ನು ಹಿಡಿಯುವ ಹಾಗೆ. ನನ್ನ ತೊಟ್ಟು ಒಡೆಯುತ್ತಿದ್ದದ್ದೂ ಅದಕ್ಕೇ. 'ನಿಪ್ಪಲ್‌ನಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲ. ನಿಪ್ಪಲ್ ಇಲ್ಲದ ಮಕ್ಕಳೂ ಹೀಗೆ ಹಿಡೀತಾರೆ. ಆದ್ರೆ ಈಗ ಅವಳು ಕಲೀಬೇಕು, ಕಲಿಯೋವಾಗ ಒಂದೇ ಕೊಡೋಣ' ಅಂದರು. ಈ ಮಾತು ನನಗೆ ತುಂಬಾ ಹಿಡಿಸಿತು. ಹೆದರಿಸಲಿಲ್ಲ. ಸುಳ್ಳೂ ಹೇಳಲಿಲ್ಲ.

ಆಮೇಲಿನ ಎರಡು ವಾರ ನಮ್ಮ ಮನೆಯಲ್ಲಿ ಬೇರೆ ಕೆಲಸವೇ ಇರಲಿಲ್ಲ. ನಿಪ್ಲನ್ನು ಅಮ್ಮ ಅಟ್ಟದ ಮೇಲೆ ಇಟ್ಟರು. ದಿನಕ್ಕೆ ಕನಿಷ್ಠ ಹತ್ತು ಸಲ ಹಾಲು. ಮೂರು ಗಂಟೆಗಿಂತ ಜಾಸ್ತಿ ಮಲಗಿದರೆ ಬಟ್ಟೆ ಬಿಚ್ಚಿ, ಅಂಗಾಲು ತಿಕ್ಕಿ ಎಬ್ಬಿಸುವುದು. ಅವಳ ಮೂಗು ನನ್ನ ತೊಟ್ಟಿನ ನೇರಕ್ಕೆ ಬರುವ ಹಾಗೆ ಹಿಡಿದು, ಬಾಯಿ ಆಕಳಿಸುವಷ್ಟು ಅಗಲ ಆಗುವವರೆಗೆ ಕಾದು, ಆಗ ಹತ್ತಿರ ಎಳೆದುಕೊಳ್ಳುವುದು. ಹತ್ತು ಸಲದಲ್ಲಿ ನಾಲ್ಕು ಸಲ ಸರಿಯಾಗುತ್ತಿತ್ತು, ಆಮೇಲೆ ಏಳು ಸಲ. ನೋವು ತಡೆಯಲಾರದ ಎರಡು ದಿನ ಕೈಯಿಂದ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿದೆವು. ನನಗೆ ಕುಡಿಸಿದ್ದ ಅದೇ ಬೆಳ್ಳಿ ಒಳಲೆ. ಅಜ್ಜಿ ಕಾಲದಿಂದ ಟ್ರಂಕಿನಲ್ಲಿ ಇತ್ತು. ಅದನ್ನು ಕುದಿಸಿ, ಮಗುವನ್ನು ಅರ್ಧ ಕೂರಿಸಿಕೊಂಡು, ತುಟಿಯ ಅಂಚಿಗೆ ಇಟ್ಟು ಅಮ್ಮ ಒಂದು ಹನಿ ಚೆಲ್ಲದೆ ಕುಡಿಸುವುದನ್ನು ನೋಡುವುದೇ ಚೆಂದ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಒಂದು ನೋಟ್‌ಬುಕ್ ತೆಗೆದುಕೊಂಡು ಕಾಲಂ ಎಳೆದೆ. ಸಮಯ, ಯಾವ ಕಡೆ, ಎಷ್ಟು ಹೊತ್ತು, ಉಚ್ಚೆ, ಕಕ್ಕ. ಐದಾರು ದಿನದ ಮೇಲಿನ ಮಗು ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡಬೇಕು. ನಮ್ಮವಳು ನಾಮಕರಣದ ಹೊತ್ತಿಗೆ ನಾಲ್ಕು ಸಲ ಮಾಡುತ್ತಿದ್ದಳು, 'ಈಗ ಬಟ್ಟೆ ಕಡಿಮೆ ಆಗಿದೆ' ಅಂತ ನಾವು ಖುಷಿಪಟ್ಟಿದ್ದೆವು. ಇಪ್ಪತ್ತೊಂದನೇ ದಿನ 2.94 ಕೆಜಿ. ಇಪ್ಪತ್ತೆಂಟನೇ ದಿನ 3.17. ತೂಕದ ಯಂತ್ರದ ಮುಂದೆ ಅಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಯಾರೂ ಮಾತಾಡಲಿಲ್ಲ.

ಆ ದಿನಗಳಲ್ಲಿ ಕಿವಿ ಒಂದು ವಿಷಯ ಕಲಿಯಿತು. ಮಗು ಎರಡು ಥರ ಚೀಪುತ್ತದೆ. ಹಾಲು ಕುಡಿಯುವಾಗ ನಿಧಾನ, ಆಳ. ಸುಮಾರು ಸೆಕೆಂಡಿಗೆ ಒಂದು ಸಲ. ಒಂದೆರಡು ಚೀಪಿಗೆ ಒಂದು ಗುಟುಕು, ಮೂಗಿನಿಂದ ಸಣ್ಣ ಉಸಿರು. ಗದ್ದ ಕೆಳಗಿಳಿದು ಕಿವಿಯ ತನಕ ಅಲ್ಲಾಡುತ್ತದೆ. ಹೊಟ್ಟೆ ತುಂಬಿದ ಮೇಲೆ ಚೀಪುವುದು ಬೇರೆ. ಚಿಕ್ಕದು, ಬೇಗಬೇಗ, ಸೆಕೆಂಡಿಗೆ ಎರಡು. ಗುಟುಕು ಅಪರೂಪ. ಮುಷ್ಟಿ ಬಿಚ್ಚಿಕೊಂಡು ಕೈ ಸಡಿಲವಾಗಿರುತ್ತದೆ. ಮೊದಲನೆಯದು ಹೊಟ್ಟೆಯ ಹಸಿವು. ಎರಡನೆಯದಕ್ಕೆ ನಮ್ಮಮ್ಮ 'ಬಾಯಿ ಹಸಿವು' ಅಂತಾರೆ. ಅದೂ ಸುಳ್ಳು ಹಸಿವಲ್ಲ. ಚೀಪಿದರೆ ಮಗುವಿನ ಎದೆಬಡಿತ ತಣ್ಣಗಾಗುತ್ತದೆ, ಮೈ ಸಡಿಲವಾಗುತ್ತದೆ, ನಿದ್ದೆ ಹತ್ತುತ್ತದೆ. ಹೊಟ್ಟೆಯಲ್ಲಿದ್ದಾಗಲೇ ಮಕ್ಕಳು ಬೆರಳು ಚೀಪುತ್ತಾರೆ.

ಈ ಎರಡನ್ನೂ ಬೇರೆ ಮಾಡಿ ಕೇಳಿಸಿಕೊಳ್ಳಲು ಬಂದ ಮೇಲೆ ನಿಪ್ಲಿನ ಬಗ್ಗೆ ನನ್ನ ಸಿಟ್ಟು ಇಳಿಯಿತು.

ಆರು ವಾರದ ಲಸಿಕೆಗೆ ಹೋದಾಗ ಮಗಳು 3.7 ಕೆಜಿ ಇದ್ದಳು. ಹಾಲು ಈಗ ಜಾಸ್ತಿಯೇ ಇತ್ತು. ಅದರದ್ದೇ ಹೊಸ ತೊಂದರೆ. ಸಂಜೆ ಆರರಿಂದ ಎಂಟರವರೆಗೆ ಅವಳಿಗೆ ಚೀಪುತ್ತಲೇ ಇರಬೇಕು. ಹೊಟ್ಟೆ ತುಂಬಿರುತ್ತಿತ್ತು. ಆದರೂ ಬಾಯಿ ಇಟ್ಟ ಕೂಡಲೇ ಹಾಲು ರಭಸವಾಗಿ ಬರುತ್ತಿತ್ತು. ಕೆಮ್ಮುತ್ತಿದ್ದಳು, ಕಕ್ಕುತ್ತಿದ್ದಳು, ಸಿಟ್ಟಿನಿಂದ ಮೈ ಬಿಲ್ಲಿನಂತೆ ಮಾಡಿ ಅಳುತ್ತಿದ್ದಳು, ಮತ್ತೆ ಚೀಪಲು ಬಾಯಿ ಹಾಕುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಚೀಪು, ಸಿಗುತ್ತಿದ್ದದ್ದು ಹಾಲು. ನನ್ನ ಕಿರುಬೆರಳನ್ನು ಚೆನ್ನಾಗಿ ತೊಳೆದು ಬಾಯಿಗೆ ಕೊಟ್ಟೆ. ಎರಡೇ ನಿಮಿಷಕ್ಕೆ ಸುಮ್ಮನಾದಳು. ಆದರೆ ಬೆರಳು ಕೊಟ್ಟುಕೊಂಡು ಎರಡು ಗಂಟೆ ಕೂರುವುದು ಹೇಗೆ?

ಡಾಕ್ಟರಮ್ಮನನ್ನು ಕೇಳಿದೆ. 'ತೂಕ ಚೆನ್ನಾಗಿದೆ, ಹಿಡಿಯೋದೂ ಕಲಿತಿದಾಳೆ. ಈಗ ಕೊಡಬಹುದಮ್ಮ' ಅಂದರು. ನನಗೆ ನಂಬಿಕೆ ಬರಲಿಲ್ಲ. ಹೆರಿಗೆ ಆದ ಆಸ್ಪತ್ರೆಯ ಕಾರಿಡಾರಿನಲ್ಲಿ ಆಗಸ್ಟ್ ಮೊದಲ ವಾರದ ಸ್ತನ್ಯಪಾನ ಸಪ್ತಾಹಕ್ಕೆ ಹಾಕಿದ ಪೋಸ್ಟರ್ ಇತ್ತು. ಅದರಲ್ಲಿ ಹಾಲುಣಿಸುವ ಹತ್ತು ಹೆಜ್ಜೆಗಳು. ಒಂಬತ್ತನೆಯದು ನಿಪ್ಪಲ್ ಕೊಡಬೇಡಿ ಅನ್ನುವಂತಿತ್ತು. ಹಾಗಾಗಿ ನಾನೇ ಕೂತು ಓದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಆ ಹತ್ತು ಹೆಜ್ಜೆಗಳನ್ನು ಮಾಡಿದಾಗ ಒಂಬತ್ತನೆಯದು ಹಾಗೇ ಇತ್ತು, ಎದೆಹಾಲು ಕುಡಿಯುವ ಮಗುವಿಗೆ ಕೃತಕ ತೊಟ್ಟು ಬೇಡವೇ ಬೇಡ ಅಂತ. 2018ರಲ್ಲಿ ಅದನ್ನು ಬದಲಾಯಿಸಿದರು. ಈಗ ಬಾಟಲಿ, ನಿಪ್ಪಲ್‌ಗಳ ಬಳಕೆ ಮತ್ತು ಅಪಾಯದ ಬಗ್ಗೆ ತಾಯಿಗೆ ತಿಳಿಸಿ ಹೇಳಿ ಅಂತಿದೆ. ಬೇಡ ಅನ್ನೋದಕ್ಕೂ ಕೂತು ತಿಳಿಸಿ ಹೇಳೋದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಐದನೇ ದಿನ ನನಗೆ ಬೇಕಾಗಿದ್ದದ್ದು ಆ ಎರಡನೆಯದು.

ಕಾಕ್ರೇನ್ ಸಂಸ್ಥೆಯವರು 2016ರಲ್ಲಿ ಈ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ದಿನ ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಕ್ಕಳು. ಹಾಲುಣಿಸಬೇಕು ಅಂತ ಗಟ್ಟಿ ಮನಸ್ಸು ಮಾಡಿದ ತಾಯಂದಿರು. ಅಂಥವರಲ್ಲಿ ನಿಪ್ಪಲ್ ಕೊಟ್ಟದ್ದರಿಂದ ನಾಲ್ಕು ತಿಂಗಳವರೆಗೆ ಎದೆಹಾಲು ಕಡಿಮೆಯಾಗಲಿಲ್ಲ. ಇದು ಓದಿ ಮೊದಲು ಗೊಂದಲವಾಯಿತು. ನನ್ನ ಮಗಳಿಗೆ ಆದದ್ದು ಏನು ಹಾಗಾದರೆ? ಯೋಚಿಸಿದಾಗ ಹೊಳೆಯಿತು. ನಮ್ಮ ಮನೆಯಲ್ಲಿ ನಿಪ್ಲು ಹಾಲಿನ ಜೊತೆಗೆ ಬರಲಿಲ್ಲ, ಹಾಲಿನ ಜಾಗಕ್ಕೇ ಬಂದಿತ್ತು. ಅದೂ ಹಾಲು ಇನ್ನೂ ಕುದುರದ ಐದನೇ ದಿನ, ಎಣಿಸುವವರಿಲ್ಲದ ಮನೆಯಲ್ಲಿ.

ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಇನ್ನೂ ಒಂದು ಮಾತು ಹೇಳುತ್ತದೆ. ನಿದ್ದೆಯಲ್ಲೇ ಶಿಶು ಇದ್ದಕ್ಕಿದ್ದ ಹಾಗೆ ತೀರಿಹೋಗುವ ಪ್ರಕರಣಗಳು ಮಲಗುವಾಗ ನಿಪ್ಪಲ್ ಕೊಟ್ಟ ಮಕ್ಕಳಲ್ಲಿ ಕಡಿಮೆ. ಹಾಗಾಗಿ ಮಲಗಿಸುವಾಗ ಕೊಟ್ಟು ನೋಡಿ ಅನ್ನುತ್ತಾರೆ. ಆದರೆ ಎದೆಹಾಲು ಕುಡಿಯುವ ಮಗುವಾದರೆ ಹಾಲು ಚೆನ್ನಾಗಿ ಕುದುರಿದ ಮೇಲೆ. ನಿದ್ದೆಯಲ್ಲಿ ಬಿದ್ದುಹೋದರೆ ಮತ್ತೆ ಬಾಯಿಗೆ ಇಡಬೇಕಾಗಿಲ್ಲ. ಮಗುವಿಗೆ ಬೇಡವಾದರೆ ಒತ್ತಾಯವೂ ಬೇಡ. ಮಗುವನ್ನು ಅಂಗಾತ ಮಲಗಿಸುವುದು ಮಾತ್ರ ಎಲ್ಲಕ್ಕಿಂತ ಮುಖ್ಯ.

ಹಳೇ ನಿಪ್ಲನ್ನು ಅಟ್ಟದಿಂದ ಇಳಿಸಿ ನೋಡಿದೆ. ರಬ್ಬರ್ ಅಂಟಂಟಾಗಿತ್ತು, ಹಿಂದಿನ ಬಿಲ್ಲೆ ನಾಣ್ಯದಷ್ಟು ಚಿಕ್ಕದು. ಎಸೆದುಬಿಟ್ಟೆ. ಹೊಸದನ್ನು ತುಮಕೂರಿನಿಂದ ನಮ್ಮವರು ತಂದರು. ಸೊನ್ನೆಯಿಂದ ಆರು ತಿಂಗಳ ಅಳತೆ. ಪೂರ್ತಿ ಒಂದೇ ತುಂಡು ಸಿಲಿಕೋನ್, ಜೋಡಣೆ ಇಲ್ಲ, ಕಿತ್ತುಬರುವ ಭಾಗ ಇಲ್ಲ. ಹಿಂದಿನ ಬಿಲ್ಲೆ ಒಂದೂವರೆ ಇಂಚಿಗಿಂತ ಅಗಲ, ಗಾಳಿಯಾಡಲು ತೂತುಗಳಿದ್ದವು. ಬಿಲ್ಲೆ ಚಿಕ್ಕದಾದರೆ ಇಡೀ ನಿಪ್ಲು ಬಾಯೊಳಗೆ ಹೋಗುವ ಅಪಾಯ ಇದೆ. ಐದು ನಿಮಿಷ ಕುದಿಸಿ, ಆರಿಸಿ, ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿದೆ. ಈಗಲೂ ದಿನಾ ಎಳೆದು ನೋಡುತ್ತೇನೆ. ಸಣ್ಣ ಬಿರುಕು ಕಂಡರೂ ಕಸದ ಬುಟ್ಟಿಗೆ.

ಕೊಟ್ಟರೆ ಮಗಳು ಉಗಿದಳು.

ಐದನೇ ದಿನ ಕಣ್ಣುಮುಚ್ಚಿ ಹಿಡಿದವಳು ಏಳನೇ ವಾರದಲ್ಲಿ ಮುಖ ಹಿಂಡಿದಳು. ನಾಲಿಗೆಯಿಂದ ತಳ್ಳಿದಳು. ಒಂದು ಸಲ ಓಕರಿಸಿದಳು. ಅವಳಿಗೆ ಈಗ ನಾನು ಬೇಕಾಗಿತ್ತು, ಅದಕ್ಕೆ ಒಳಗೊಳಗೇ ಖುಷಿಯೂ ಆಯಿತು. ಮೊದಲ ಎರಡು ದಿನ ನಾನು ತಪ್ಪು ಹೊತ್ತಿನಲ್ಲಿ ಕೊಟ್ಟೆ. ಅಳುತ್ತಿರುವಾಗ ಕೊಟ್ಟೆ. ಅಳುವ ಮಗು ಹೊಸದೇನನ್ನೂ ಕಲಿಯುವುದಿಲ್ಲ, ದೊಡ್ಡ ಮಕ್ಕಳೂ ಅಷ್ಟೇ. ಮೂರನೇ ದಿನದಿಂದ ಬದಲಾಯಿಸಿದೆ. ಎರಡೂ ಕಡೆ ಕುಡಿಸಿ, ತೇಗಿಸಿ, ಅವಳು ಸಮಾಧಾನದಿಂದ ನನ್ನ ಮುಖ ನೋಡುತ್ತಿರುವಾಗ ಕೊಡಲು ಶುರುಮಾಡಿದೆ. ಬಾಯೊಳಗೆ ತುರುಕಲಿಲ್ಲ. ಮೇಲ್ತುಟಿಗೆ ತಾಗಿಸಿ ಕಾಯುತ್ತಿದ್ದೆ. ಅವಳೇ ಬಾಯಿ ತೆರೆದು ಎಳೆದುಕೊಳ್ಳಬೇಕು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತಣ್ಣಗಿನ ಸಿಲಿಕೋನನ್ನು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ಒಂದು ಹನಿ ನನ್ನದೇ ಹಾಲು ತುದಿಗೆ. ಮೂರು ಸಲ ಬೇಡ ಅಂದರೆ ಅವತ್ತಿಗೆ ಮುಗಿಯಿತು.

ಆರನೇ ದಿನ ಸಂಜೆ, ದೇವರ ಮನೆಯಲ್ಲಿ ಅಮ್ಮ ದೀಪ ಹಚ್ಚುತ್ತಿದ್ದಾಗ, ತುಟಿಯಲ್ಲಿ ಹಿಡಿದಳು. ಬೀಳುತ್ತದೆ ಅಂತ ಒಳಕ್ಕೆ ಒತ್ತಲು ಕೈ ಹೋಯಿತು, ತಡೆದುಕೊಂಡೆ. ಬದಲಿಗೆ ಒಂಚೂರು ಹೊರಕ್ಕೆ ಎಳೆದೆ. ಅವಳು ಬಿಡಬಾರದು ಅಂತ ಇನ್ನೂ ಗಟ್ಟಿಯಾಗಿ ಚೀಪಿದಳು. ಈ ಉಪಾಯ ಹೇಳಿಕೊಟ್ಟದ್ದು ನನ್ನ ಗೆಳತಿ. ಅವಳ ಮಗ ಮೂವತ್ಮೂರನೇ ವಾರಕ್ಕೇ ಹುಟ್ಟಿದವನು. ಮೂಗಿನ ಕೊಳವೆಯಲ್ಲಿ ಹಾಲು ಹೋಗುವಾಗ ನರ್ಸ್‌ಗಳು ಬಾಯಿಗೆ ಪುಟ್ಟ ನಿಪ್ಪಲ್ ಕೊಡುತ್ತಿದ್ದರಂತೆ. ಚೀಪುವುದಕ್ಕೂ ಹೊಟ್ಟೆ ತುಂಬುವುದಕ್ಕೂ ನಂಟು ಇದೆ ಅಂತ ಆ ಮಕ್ಕಳಿಗೆ ಹಾಗೆ ಕಲಿಸುತ್ತಾರೆ. ಹಾಗೆ ಚೀಪಲು ಕೊಟ್ಟ ಮಕ್ಕಳು ಕೊಳವೆ ಬಿಟ್ಟು ಬಾಯಿಂದ ಕುಡಿಯುವುದನ್ನು ಬೇಗ ಕಲಿಯುತ್ತಾರೆ, ಮನೆಗೂ ಬೇಗ ಹೋಗುತ್ತಾರೆ. ಅವಳ ಮಗನಿಗೆ ಬೇರೆ ಕಾರಣ, ನನ್ನ ಮಗಳಿಗೆ ಬೇರೆ ಕಾರಣ. ಅವತ್ತು ನಾಲ್ಕು ನಿಮಿಷ ಚೀಪಿ ಬಾಯಿ ಬಿಟ್ಟು ನಿದ್ದೆ ಮಾಡಿದಳು.

ಈ ಸಲ ನಿಪ್ಲಿಗೆ ಒಂದು ಜಾಗ ಮಾಡಿದೆವು. ಮೊದಲು ಏಲಕ್ಕಿ ಇದ್ದ ಸ್ಟೀಲ್ ಡಬ್ಬಿ ಕೊಟ್ಟರು ಅಮ್ಮ. ಎರಡು ಸಲ ಕುದಿಸಿದರೂ ಏಲಕ್ಕಿ ವಾಸನೆ ಹೋಗಲಿಲ್ಲ, ಬೇರೆ ಡಬ್ಬಿ ತಂದೆವು. ಅದರ ಮುಚ್ಚಳದ ಮೇಲೆ ಅಮ್ಮನೇ ಮಾರ್ಕರ್ ಪೆನ್ನಿನಲ್ಲಿ ಬರೆದರು: 'ಹಾಲು ಆಯ್ತಾ?' ಯಾರು ಡಬ್ಬಿ ತೆಗೆದರೂ ಮೊದಲು ಅದನ್ನು ಓದಬೇಕು. ಮಗು ತೊಟ್ಟಿಲಲ್ಲಿ ಕಿರುಗುಟ್ಟಿದರೆ ಅಪ್ಪ ಹಾಲ್‌ನಿಂದ ಕೂಗುತ್ತಿದ್ದರು, 'ಹಾಲು ಆಯ್ತೇನಮ್ಮಾ?' ಅಂತ. ಅಕ್ಕಪಕ್ಕದವರಿಗೂ ಕೇಳಿಸುತ್ತಿತ್ತು. ಕೇಳಿಸಲಿ.

ಕೊಡದ ಹೊತ್ತುಗಳೂ ಇವೆ. ಬೆಳಿಗ್ಗೆ ಎದ್ದ ಕೂಡಲೇ ಕೊಡುವುದಿಲ್ಲ. ಹಾಲು ಕುಡಿದು ಎರಡು ಗಂಟೆ ದಾಟಿದ್ದರೆ ಕೊಡುವುದಿಲ್ಲ, ಎದೆಯೇ. ಜ್ವರ ಬಂದರೆ, ಲಸಿಕೆ ಹಾಕಿಸಿದ ದಿನ, ಎದೆಯೇ. ಮೂರನೇ ತಿಂಗಳಲ್ಲಿ ಎರಡು ದಿನ ಇದ್ದಕ್ಕಿದ್ದ ಹಾಗೆ ಗಂಟೆಗೊಮ್ಮೆ ಹಾಲು ಕೇಳಿದಳು. ಸಂಜೆ ಚೀಪುವುದರಲ್ಲೂ ಗುಟುಕು ಕೇಳಿಸುತ್ತಿತ್ತು. ಅದು ಬೆಳವಣಿಗೆಯ ಹಸಿವು. ಆ ಎರಡು ದಿನ ಡಬ್ಬಿ ಮುಚ್ಚಿಯೇ ಇತ್ತು. ನೋಟ್‌ಬುಕ್ಕಿನಲ್ಲಿ ಒಂದು ದಿನ ಹದಿನಾಲ್ಕು ಸಲ ಅಂತ ಬರೆದಿದೆ.

ದಾರದ ವಿಷಯಕ್ಕೆ ಮಾತ್ರ ನಾನು ಯಾರ ಜೊತೆಯೂ ರಾಜಿ ಮಾಡಿಕೊಳ್ಳಲಿಲ್ಲ. ನಿಪ್ಲು ಕೆಳಗೆ ಬೀಳುತ್ತದೆ ಅಂತ ಕಪ್ಪು ದಾರ ಹಾಕಿ ಮಗುವಿನ ಕತ್ತಿಗೆ ಕಟ್ಟುವುದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ದೃಷ್ಟಿಗೆ ಕಟ್ಟಿದ ದಾರಕ್ಕೇ ಸೇರಿಸಿ ಕಟ್ಟುವವರೂ ಇದ್ದಾರೆ. ಮಗು ಹೊರಳಿದಾಗ ಆ ದಾರ ತೊಟ್ಟಿಲ ಅಂಚಿಗೆ ಸಿಕ್ಕಿಕೊಂಡರೆ ಉರುಳಾಗುತ್ತದೆ. ಬೀಳಲಿ, ತೊಳೆದರಾಯಿತು. ಬಾಯಲ್ಲಿ ಚೀಪಿ ಕ್ಲೀನ್ ಮಾಡಿ ಕೊಡುವುದೂ ಬೇಡ. ನಮ್ಮ ಹುಳುಕು ಹಲ್ಲಿನ ಕ್ರಿಮಿ ಅವಳಿಗೆ ಯಾಕೆ?

ಮಗಳಿಗೆ ಈಗ ಐದೂವರೆ ತಿಂಗಳು. ಆರು ತಿಂಗಳಾದ ಮೇಲೆ ನಿದ್ದೆಗೆ ಮಾತ್ರ, ಆಮೇಲೆ ಅದೂ ಇಲ್ಲ ಅಂತ ಅಂದುಕೊಂಡಿದ್ದೇನೆ. ಆ ವಯಸ್ಸಿನ ಮೇಲೆ ನಿಪ್ಲು ಜಾಸ್ತಿ ಚೀಪುವ ಮಕ್ಕಳಿಗೆ ಕಿವಿ ಸೋಂಕು ಜಾಸ್ತಿ. ವರ್ಷಗಟ್ಟಲೆ ಮುಂದುವರಿದರೆ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳು ಒಂದಕ್ಕೊಂದು ಸೇರದೆ ಹೋಗಬಹುದು. ನನ್ನ ರಜೆ ಮುಗಿಯುತ್ತಾ ಬಂತು. ಶಾಲೆಗೆ ಹೋದಾಗ ಅತ್ತೆ ನೋಡಿಕೊಳ್ಳುತ್ತಾರೆ. ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುವುದನ್ನು ಅವರು ಆಗಲೇ ಕಲಿತಿದ್ದಾರೆ. ಡಬ್ಬಿಯ ಮುಚ್ಚಳವನ್ನೂ ಓದಿದ್ದಾರೆ.

ಐದನೇ ತಿಂಗಳಲ್ಲಿ ತಿಪಟೂರಿನಿಂದ ತುಮಕೂರಿಗೆ ಹೊರಟ ದಿನ ಚಿಕ್ಕಮ್ಮ ಸ್ಟೇಷನ್ನಿಗೆ ಬಂದಿದ್ದರು. ಆ ಹದಿನಾಲ್ಕನೇ ದಿನದಿಂದ ಅವರು ಮಗುವನ್ನು ಎತ್ತಿಕೊಳ್ಳಲು ಹಿಂಜರಿಯುತ್ತಿದ್ದರು. ಎಷ್ಟು ಸಲ 'ನಿಮ್ಮ ತಪ್ಪಲ್ಲ ಚಿಕ್ಕಮ್ಮ' ಅಂದರೂ ಅವರ ಮನಸ್ಸಿನಿಂದ ಹೋಗಿರಲಿಲ್ಲ. ರೈಲು ಇಪ್ಪತ್ತು ನಿಮಿಷ ತಡ. ಪ್ಲಾಟ್‌ಫಾರ್ಮಿನಲ್ಲಿ ಕೊಬ್ಬರಿ ಚೀಲಗಳ ಪಕ್ಕ ಬೆಂಚಿನ ಮೇಲೆ ಕೂತಿದ್ದೆವು. ಮಗಳು ಅಳಲು ಶುರುಮಾಡಿದಳು. ಸುತ್ತ ಜನ. ಚಿಕ್ಕಮ್ಮನ ಕೈ ಬ್ಯಾಗಿನ ಒಳಗಿದ್ದ ಡಬ್ಬಿಯ ಕಡೆ ಹೋಯಿತು, ಅಲ್ಲೇ ನಿಂತಿತು. ಅವರು ಹೆಗಲ ಮೇಲಿದ್ದ ಶಾಲು ತೆಗೆದು ಬಿಡಿಸಿ, ನನ್ನ ಮುಂದೆ ಅಡ್ಡ ಹಿಡಿದು ನಿಂತರು.

'ಮೊದ್ಲು ಕುಡಿಸು ಪುಟ್ಟಿ. ರೈಲು ಬಂದ್ರೆ ನಾನ್ ಹೇಳ್ತೀನಿ.'